ತಾರೆಗಳ ಜೋಡಿ: ಕೂಡಿದ್ದು ಯಾವುದು, ಕೂಡದ್ದು ಯಾವುದು

ಏಪ್ರಿಲ್ ತಿಂಗಳು ಬಂತೆಂದರೆ ಡೊಂಬಿವಲಿ, ಕಲ್ಯಾಣ, ಠಾಣೆಗಳ ಕನ್ನಡ ಮನೆಗಳಲ್ಲಿ ಒಂದು ಬಗೆಯ ಗೃಹಕಲಹ ತಲೆದೋರುತ್ತದೆ. ನಾಲ್ಕು ದಶಕಗಳ ಹಿಂದೆ ಬೆಂಗಳೂರಿನಿಂದಲೋ ಧಾರವಾಡದಿಂದಲೋ ಉಡುಪಿಯಿಂದಲೋ ಟ್ರಂಕು ಹಿಡಿದು ಬಂದ ತಂದೆ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದ ಪಕ್ಷ. ಇಲ್ಲಿಯೇ ಹುಟ್ಟಿ, ಇಲ್ಲಿಯ ಮೈದಾನದಲ್ಲಿ ಆಡಿ, ಇಲ್ಲಿಯ ಲೋಕಲ್ ಗಾಡಿಯಲ್ಲಿ ನಿಂತು ಬೆಳೆದ ಮಗ ಮುಂಬಯಿ ಇಂಡಿಯನ್ಸ್ ಪಕ್ಷ. ತಾಯಿಯಾದವಳು ಎರಡು ಕಡೆಗೂ ಚಹಾ ಕೊಟ್ಟು ತಟಸ್ಥ ರಾಷ್ಟ್ರದಂತೆ ಇದ್ದುಬಿಡುತ್ತಾಳೆ. ವಾಗ್ವಾದ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಯಲ್ಲಿ: ಯಾರ ತಂಡದ ತಾರೆಗಳು ದೊಡ್ಡವರು? ಕೊಹ್ಲಿ, ಡಿವಿಲಿಯರ್ಸ್, ಗೇಲ್ ತ್ರಿಮೂರ್ತಿಗಳೋ, ರೋಹಿತ್, ಪೊಲಾರ್ಡ್, ಮಾಲಿಂಗ, ಬುಮ್ರಾ ಕೂಟವೋ?

ಈ ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರ ದೊರೆಯುವುದಿಲ್ಲ. ತಾರೆಗಳನ್ನು ಒಬ್ಬೊಬ್ಬರನ್ನಾಗಿ ತೂಗಿದರೆ ಬೆಂಗಳೂರಿನ ತಕ್ಕಡಿಯೇ ಕೆಳಗೆ ಬಾಗೀತು. ಪ್ರಶಸ್ತಿಗಳನ್ನು ಎಣಿಸಿದರೆ ಮುಂಬಯಿಯದು ಐದು, 2013, 2015, 2017, 2019, 2020. ಬೆಂಗಳೂರಿನವರು ಮೊದಲ ಬಾರಿಗೆ ಗೆಲ್ಲಲು 2025 ಬರಬೇಕಾಯಿತು. ತೂಕಕ್ಕೂ ಎಣಿಕೆಗೂ ನಡುವಿನ ಈ ಅಂತರ ಹೇಗೆ ಬಂತು ಎಂಬುದೇ ವಿಚಾರಯೋಗ್ಯವಾದ ಸಂಗತಿ.

ಮನೆಯಲ್ಲಿ ಮೂರನೆಯ ತಲೆಮಾರಿನ ಹಿರಿಯರೊಬ್ಬರಿದ್ದರೆ ಅವರು ಈ ಎರಡು ಪಕ್ಷಗಳನ್ನೂ ಸೇರದೆ, ಆರಾಮಕುರ್ಚಿಯಿಂದಲೇ ಮೂರನೆಯ ಜೋಡಿಯೊಂದನ್ನು ಮುಂದಿಡುತ್ತಾರೆ: ಪ್ರಸನ್ನ ಮತ್ತು ಚಂದ್ರಶೇಖರ್. ಅವರ ಮಾತನ್ನು ಹಳೆಯ ಕಾಲದ ಹಂಬಲವೆಂದು ತಳ್ಳಿಹಾಕಲಾಗದು. ವೃತ್ತಿಪರ ಲೀಗುಗಳು ಹುಟ್ಟುವ ಎಷ್ಟೋ ಮೊದಲೇ ಜೋಡಿ ಎಂದರೇನೆಂಬುದನ್ನು ಆ ಇಬ್ಬರು ತೋರಿಸಿಕೊಟ್ಟಿದ್ದರು. ಪ್ರಸನ್ನ ಆಫ್ ಸ್ಪಿನ್ನರು. ಚೆಂಡನ್ನು ಗಾಳಿಯಲ್ಲಿ ತೇಲಿಸಿ, ದಾಂಡಿಗನಿಗೆ ಆಸೆ ಹುಟ್ಟಿಸಿ, ಅವನು ಮುಂದೆ ಬಂದಾಗ ಚೆಂಡು ಅಲ್ಲಿರದಂತೆ ಮಾಡುವ ಸಮಾಧಾನದ ಕಲೆ ಅವರದು. ಚಂದ್ರಶೇಖರ್ ಬಾಲ್ಯದಲ್ಲಿ ಪೋಲಿಯೋಗೆ ತುತ್ತಾಗಿದ್ದವರು. ಕೃಶವಾದ ಬಲಗೈಯೇ ಚಾಟಿಯಂತೆ ಬೀಸಿ, ಮಧ್ಯಮ ವೇಗದ ಬೌಲರನ ವೇಗದಲ್ಲಿ ಗೂಗ್ಲಿಯನ್ನೂ ಟಾಪ್ ಸ್ಪಿನ್ನನ್ನೂ ಎಸೆಯುತ್ತಿತ್ತು. ಮುಂದಿನ ಚೆಂಡು ಏನಾಗುವುದೆಂದು ಕೆಲವೊಮ್ಮೆ ಚಂದ್ರ ಅವರಿಗೇ ಗೊತ್ತಿರುತ್ತಿರಲಿಲ್ಲವೆಂದು ಸಮಕಾಲೀನರು ನಗೆಯಾಡುತ್ತಿದ್ದರು. ಪ್ರಸನ್ನ 49 ಟೆಸ್ಟ್‌ಗಳಲ್ಲಿ 189 ವಿಕೆಟ್, ಚಂದ್ರ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು. ಆದರೆ ಇಲ್ಲಿ ಮುಖ್ಯವಾದುದು ಈ ಸಂಖ್ಯೆಗಳಲ್ಲ. ಒಂದು ತುದಿಯಿಂದ ನಿಧಾನ, ಇನ್ನೊಂದು ತುದಿಯಿಂದ ಆತುರ. ಒಂದೆಡೆ ಲೆಕ್ಕಾಚಾರ, ಇನ್ನೊಂದೆಡೆ ಆಕಸ್ಮಿಕ. ದಾಂಡಿಗನ ಕಾಲು ಒಂದು ಲಯಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಓವರು ಮುಗಿದು ಇನ್ನೊಂದು ಲಯ ಎದುರು ನಿಲ್ಲುತ್ತಿತ್ತು. ಒಬ್ಬನ ಕೆಲಸದಿಂದ ಇನ್ನೊಬ್ಬನ ಕೆಲಸ ಸುಲಭವಾಗುತ್ತಿತ್ತು.

ಇದರ ಫಲವನ್ನು ಮುಂಬಯಿಯೇ ಉಂಡಿತು. 1958-59ರಿಂದ 1972-73ರವರೆಗೆ ಸತತವಾಗಿ 15 ಸಲ ರಣಜಿ ಪ್ರಶಸ್ತಿಯನ್ನು ಗೆದ್ದಿದ್ದ ಬಾಂಬೆ ತಂಡ 1974ರ ಮಾರ್ಚಿನಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮೊದಲ ಇನಿಂಗ್ಸಿನ ಹಿನ್ನಡೆಯಿಂದ ಹೊರಬಿತ್ತು. ಗುಂಡಪ್ಪ ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲರ ಶತಕಗಳು ಬುನಾದಿ ಹಾಕಿದವು. ಸುನಿಲ್ ಗಾವಸ್ಕರರನ್ನು ಪ್ರಸನ್ನ ಬೌಲ್ಡ್ ಮಾಡಿದ ಚೆಂಡಿನ ವರ್ಣನೆಯನ್ನು ಕೇಳದೆ ಬೆಳೆದ ಕನ್ನಡಿಗ ಹುಡುಗ ಆ ಕಾಲದಲ್ಲಿ ಇರಲಿಲ್ಲ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಆಗ ಇನ್ನೂ ಕೆಲವೇ ತಿಂಗಳು ಕಳೆದಿದ್ದವು. ಮುಂಬಯಿಯ ಕಚೇರಿಗಳಲ್ಲಿ ಮರಾಠಿ ಸಹೋದ್ಯೋಗಿಗಳ ನಡುವೆ ದುಡಿಯುತ್ತಿದ್ದ ಕನ್ನಡಿಗನಿಗೆ ಆ ವಾರ ಎಷ್ಟು ಹಿಗ್ಗಿನದಾಗಿತ್ತೆಂಬುದನ್ನು ವಿವರಿಸಬೇಕಾಗಿಲ್ಲ.

ತಾರೆಗಳನ್ನು ಕೂಡಿಸುವ ಸಮಸ್ಯೆ ತೀರ ನಿಚ್ಚಳವಾಗಿ ಕಾಣಬರುವ ಆಟ ಮಾತ್ರ ಕ್ರಿಕೆಟ್ ಅಲ್ಲ, ಬಾಸ್ಕೆಟ್‌ಬಾಲ್. ಅಂಗಣದಲ್ಲಿ ಒಂದು ತಂಡಕ್ಕೆ ಐವರು, ಎಲ್ಲರಿಗೂ ಸೇರಿ ಚೆಂಡು ಒಂದೇ. 2019ರ ಅಕ್ಟೋಬರಿನಲ್ಲಿ ಅಮೆರಿಕದ ಎನ್.ಬಿ.ಎ. ಲೀಗಿನ ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್ ತಂಡಗಳು ವರ್ಲಿಯಲ್ಲಿ ಎರಡು ಪ್ರದರ್ಶನ ಪಂದ್ಯಗಳನ್ನು ಆಡಿಹೋದ ಮೇಲೆ ಈ ಆಟದ ಹೆಸರುಗಳು ನಮ್ಮ ಉಪನಗರಗಳ ಹುಡುಗರ ಬಾಯಲ್ಲಿಯೂ ಓಡಾಡುತ್ತಿವೆ. 2003-04ರ ಋತುವಿನಲ್ಲಿ ಲಾಸ್ ಏಂಜಲೀಸಿನ ಲೇಕರ್ಸ್ ತಂಡ ಶಕೀಲ್ ಓನೀಲ್ ಮತ್ತು ಕೋಬಿ ಬ್ರಯಂಟರ ಜೊತೆಗೆ ಕಾರ್ಲ್ ಮಲೋನ್, ಗ್ಯಾರಿ ಪೇಟನ್ ಎಂಬ ಇನ್ನಿಬ್ಬರು ದಿಗ್ಗಜರನ್ನು ಸೇರಿಸಿಕೊಂಡಿತು. ನಾಲ್ವರೂ ಮಹಾರಥಿಗಳೇ. ಫೈನಲ್‌ನಲ್ಲಿ ಅಂತಹ ದೊಡ್ಡ ಹೆಸರೊಂದೂ ಇಲ್ಲದ ಡೆಟ್ರಾಯಿಟ್ ಪಿಸ್ಟನ್ಸ್ ತಂಡ ಅವರನ್ನು 4-1ರಿಂದ ಮಣಿಸಿತು. ಇದಕ್ಕೆ ವಿರುದ್ಧವಾದ ನಿದರ್ಶನ ಶಿಕಾಗೊ ಬುಲ್ಸ್ ತಂಡದ್ದು. ಮೈಕೆಲ್ ಜೋರ್ಡನ್ ಒಬ್ಬನೇ ಅಂಕಗಳನ್ನು ರಾಶಿ ಹಾಕುತ್ತಿದ್ದ ಆರು ಋತುಗಳಲ್ಲಿ ಆ ತಂಡಕ್ಕೆ ಒಂದು ಪ್ರಶಸ್ತಿಯೂ ಬರಲಿಲ್ಲ. ಎದುರಾಳಿಯ ಶ್ರೇಷ್ಠ ಆಟಗಾರನನ್ನು ತಡೆಯುವ, ಚೆಂಡನ್ನು ಸಾಗಿಸುವ ಹೊಣೆ ಹೊತ್ತ ಸ್ಕಾಟಿ ಪಿಪ್ಪೆನ್ ಪಕ್ವನಾದ ಮೇಲೆ ಎಂಟು ವರ್ಷಗಳಲ್ಲಿ ಆರು ಪ್ರಶಸ್ತಿಗಳು ಬಂದವು. ಕೊನೆಯ ಮೂರರಲ್ಲಿ ಜೊತೆಗೂಡಿದ ಡೆನಿಸ್ ರಾಡ್ಮನ್ ಬುಟ್ಟಿಗೆ ಚೆಂಡು ಹಾಕುವ ಗೊಡವೆಗೇ ಹೋಗದೆ, ಗುರಿತಪ್ಪಿ ಪುಟಿದ ಚೆಂಡನ್ನು ಹಿಡಿದುಕೊಡುವುದನ್ನೇ ವ್ರತ ಮಾಡಿಕೊಂಡಿದ್ದ. ಮೂವರಿಗೂ ಬೇಕಾಗಿದ್ದುದು ಬೇರೆ ಬೇರೆ. ಆದ್ದರಿಂದಲೇ ಒಂದು ಚೆಂಡು ಸಾಕಾಯಿತು.

ಇಪ್ಪತ್ತು ಓವರುಗಳ ಕ್ರಿಕೆಟ್ಟಿನಲ್ಲಿಯೂ ಇಂತಹದೇ ಒಂದು ಬಡತನವಿದೆ: 120 ಚೆಂಡುಗಳು. ಹನ್ನೊಂದು ಜನರಲ್ಲಿ ವಿದೇಶೀಯರು ನಾಲ್ವರಿಗಿಂತ ಹೆಚ್ಚು ಇರಕೂಡದು. ಹರಾಜಿನಲ್ಲಿ ಎಲ್ಲ ತಂಡಗಳ ಥೈಲಿಯೂ ಒಂದೇ ಅಳತೆಯದು. ಈ ಮೂರು ಕಟ್ಟುಗಳನ್ನು ನೆನಪಿಟ್ಟುಕೊಂಡು ಬೆಂಗಳೂರಿನ ತ್ರಿಮೂರ್ತಿಗಳ ಕಥೆಯನ್ನು ನೋಡಬೇಕು.

2011ರಲ್ಲಿ ಡಿವಿಲಿಯರ್ಸ್ ಹರಾಜಿನ ಮೂಲಕ ಬಂದರು. ಗೇಲ್ ಬಂದದ್ದು ಗಾಯಗೊಂಡ ಬೌಲರ್ ಡರ್ಕ್ ನ್ಯಾನಿಸರ ಬದಲಿಗೆ, ಋತುವಿನ ನಡುವೆ. ಯಾರಿಗೂ ಬೇಡವಾಗಿದ್ದ ಗೇಲ್ ಆ ವರ್ಷ 608 ರನ್ನು ಹೊಡೆದರು. ತಂಡ ಫೈನಲ್ ತಲುಪಿತು. ಚೆನ್ನೈಯಲ್ಲಿ ನಡೆದ ಆ ಫೈನಲ್‌ನ ಮೊದಲ ಓವರಿನಲ್ಲಿಯೇ ಅಶ್ವಿನ್ ಅವರು ಗೇಲ್‌ರನ್ನು ಸೊನ್ನೆಗೆ ಕಳುಹಿಸಿದಾಗ ಪಂದ್ಯವೂ ಮುಗಿದಂತಾಯಿತು. 58 ರನ್ನುಗಳ ಸೋಲು. ಒಂದು ಕಂಬದ ಮೇಲೆ ನಿಲ್ಲಿಸಿದ ಚಪ್ಪರ ಹೇಗೆ ಬೀಳುತ್ತದೆಂಬುದರ ಮೊದಲ ಪಾಠ ಅದು.

ಮುಂದಿನ ವರ್ಷಗಳಲ್ಲಿ ಈ ಮೂವರು ನೀಡಿದ ಆನಂದಕ್ಕೆ ಬೆಲೆ ಕಟ್ಟಲಾಗದು. 2013ರ ಏಪ್ರಿಲ್ 23ರಂದು ಬೆಂಗಳೂರಿನಲ್ಲಿ ಗೇಲ್ 66 ಚೆಂಡುಗಳಲ್ಲಿ ಅಜೇಯ 175. 2015ರ ಮೇ 10ರಂದು ಇದೇ ಮುಂಬಯಿಯ ವಾಂಖೆಡೆಯಲ್ಲಿ ಕೊಹ್ಲಿ ಮತ್ತು ಡಿವಿಲಿಯರ್ಸ್ ಮುರಿಯದ ಎರಡನೆಯ ವಿಕೆಟ್ಟಿಗೆ 215 ರನ್ನು ಕೂಡಿಸಿದರು. ಡಿವಿಲಿಯರ್ಸ್ ಒಬ್ಬರದೇ 59 ಚೆಂಡುಗಳಲ್ಲಿ 133. ಮರುವರ್ಷ ಗುಜರಾತ್ ಲಯನ್ಸ್ ವಿರುದ್ಧ ಅದೇ ಇಬ್ಬರು 229 ಕೂಡಿಸಿ ಇಬ್ಬರೂ ಶತಕ ಬಾರಿಸಿದರು. 2016ರ ಆ ಋತುವಿನಲ್ಲಿ ಕೊಹ್ಲಿ 973 ರನ್ನು, ನಾಲ್ಕು ಶತಕ. ಡಿವಿಲಿಯರ್ಸ್ 687 ರನ್ನು. ಜೋಡಿಯೆಂದರೆ ರನ್ನುಗಳ ಮೊತ್ತವೆನ್ನುವುದಾದರೆ ಇದಕ್ಕಿಂತ ಮಿಗಿಲಾದ ಜೋಡಿ ಈ ಲೀಗಿನಲ್ಲಿ ಹುಟ್ಟಿಲ್ಲವೆಂದೇ ಹೇಳಬೇಕು.

ಆದರೂ ಆ ವರ್ಷದ ಫೈನಲ್, ಅದೂ ತವರಿನ ಚಿನ್ನಸ್ವಾಮಿ ಮೈದಾನದಲ್ಲಿ, ಕೈತಪ್ಪಿತು. ಹೈದರಾಬಾದಿನ ತಂಡ 208 ರನ್ನು ಗಳಿಸಿತ್ತು. ಅದರಲ್ಲಿ ಕೊನೆಯ ಓವರೊಂದರಲ್ಲಿಯೇ 24. ಉತ್ತರವಾಗಿ ಗೇಲ್ ಮತ್ತು ಕೊಹ್ಲಿ ಹತ್ತೂವರೆ ಓವರುಗಳಲ್ಲಿ 114 ಸೇರಿಸಿದರು. ಮನೆಮನೆಯಲ್ಲಿ ಸಿಹಿ ಹಂಚಲು ಎದ್ದವರಿದ್ದರು. ಬಳಿಕ ಮೂವರೂ ಒಬ್ಬರ ಹಿಂದೊಬ್ಬರು ಹೊರಟುಹೋದರು. ತಂಡ 200ಕ್ಕೆ ನಿಂತಿತು, ಎಂಟು ರನ್ನುಗಳ ಕೊರತೆ. ಸೋಲಿಗೆ ದಾಂಡಿಗರನ್ನು ದೂರುವುದು ನ್ಯಾಯವಲ್ಲ. ಹಿಂದಿನ ವರ್ಷ 20 ವಿಕೆಟ್ ಪಡೆದಿದ್ದ ಮಿಚೆಲ್ ಸ್ಟಾರ್ಕ್ ಗಾಯದಿಂದಾಗಿ ಬಂದಿರಲಿಲ್ಲ. ವಿದೇಶೀಯರ ನಾಲ್ಕು ಸ್ಥಾನಗಳಲ್ಲಿ ಎರಡನ್ನು ದಾಂಡಿಗರೇ ತುಂಬಿದ್ದರು. ಮೂವರಿಗೂ ಬೇಕಾಗಿದ್ದುದು ಒಂದೇ ವಸ್ತು: ಮೇಲಿನ ಕ್ರಮಾಂಕದಲ್ಲಿ ಹೆಚ್ಚು ಚೆಂಡುಗಳು. ಒಬ್ಬನ ಕೊರತೆಯನ್ನು ಇನ್ನೊಬ್ಬ ತುಂಬುವ ಬದಲು ಒಬ್ಬನ ಸಂಪತ್ತಿನ ಮೇಲೆಯೇ ಇನ್ನೊಬ್ಬನ ಸಂಪತ್ತು ಪೇರಿಸಿದಂತಾಗಿತ್ತು. ಮರುವರ್ಷ, 2017ರ ಏಪ್ರಿಲ್ 23ರಂದು, ಮೂವರೂ ಆಡಿದ ಪಂದ್ಯದಲ್ಲಿ ತಂಡ ಕಲ್ಕತ್ತೆಯಲ್ಲಿ 49 ರನ್ನಿಗೆ ಉರುಳಿತು; ಒಬ್ಬನೂ ಎರಡಂಕಿ ಮುಟ್ಟಲಿಲ್ಲ. ಗೇಲ್‌ರ 175ಕ್ಕೆ ಅಂದಿಗೆ ಸರಿಯಾಗಿ ನಾಲ್ಕು ವರ್ಷ ತುಂಬಿತ್ತು. ಪಂಚಾಂಗಕ್ಕೂ ಹಾಸ್ಯಪ್ರಜ್ಞೆ ಇರಬೇಕು.

ಮುಂಬಯಿ ಇಂಡಿಯನ್ಸ್ ತಂಡ ಮೊದಲಿನಿಂದಲೂ ಜಾಣತನದಿಂದ ನಡೆಯಿತೆಂದು ಭಾವಿಸಬೇಕಾಗಿಲ್ಲ. 2008ರಲ್ಲಿ ತೆಂಡುಲ್ಕರ್, ಜಯಸೂರ್ಯ, ಪೊಲಾಕ್, ಹರ್ಭಜನ್ ಇದ್ದೂ ಆ ತಂಡ ಐದನೆಯ ಸ್ಥಾನದಲ್ಲಿ ಉಳಿಯಿತು. 2013ರಲ್ಲಿ ತೆಂಡುಲ್ಕರ್ ಜೊತೆಗೆ ಇನಿಂಗ್ಸ್ ಆರಂಭಿಸಲು ರಿಕಿ ಪಾಂಟಿಂಗರನ್ನೇ ನಾಯಕರನ್ನಾಗಿ ತಂದಾಗ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಜೋಡಿ ಇರಲಿಲ್ಲ. ಕಾಗದದ ಮೇಲಿನ ಆ ಜೋಡಿ ಮೈದಾನದಲ್ಲಿ ಹರಿಯಲಿಲ್ಲ. ಆಗ ಪಾಂಟಿಂಗ್ ಮಾಡಿದ ಕೆಲಸ ಈ ಲೀಗಿನ ಇತಿಹಾಸದಲ್ಲಿ ಅಪರೂಪದ್ದು: ತಾವೇ ಹನ್ನೊಂದರಿಂದ ಹೊರಗುಳಿದು ನಾಯಕತ್ವವನ್ನು 25 ವರ್ಷದ ರೋಹಿತ್ ಶರ್ಮಾ ಅವರಿಗೆ ಒಪ್ಪಿಸಿದರು. ಒಬ್ಬ ಪರದೇಶಿ ದಾಂಡಿಗನ ಸ್ಥಾನ ತೆರವಾಯಿತು. ತಂಡಕ್ಕೆ ಉಸಿರಾಡಲು ಎಡೆಯಾಯಿತು. ತಿಂಗಳ ಬಳಿಕ ಫೈನಲ್ ಗೆದ್ದ ದಿನ ಗಾಯಾಳುವಾದ ತೆಂಡುಲ್ಕರ್ ಕೂಡ ಆಡುತ್ತಿರಲಿಲ್ಲ. ಅಂದು ಗೆಲ್ಲಿಸಿದ್ದು ಪೊಲಾರ್ಡ್ ಅವರ 60 ರನ್ನು.

ಮುಂದೆ ಆ ತಂಡ ನಿಂತದ್ದು ಆರಂಭದ ಜೋಡಿಯ ಮೇಲಲ್ಲ, ಕೊನೆಯ ಓವರುಗಳ ಜೋಡಿಯ ಮೇಲೆ. ಮಾಲಿಂಗ ಅವರ ತೋಳು ಅಡ್ಡಕ್ಕೆ ಬೀಸುವುದು, ಬುಮ್ರಾ ಅವರದು ನೆಟ್ಟಗೆ ನಿಂತು ಥಟ್ಟನೆ ಎರಗುವುದು. ಯಾರ್ಕರ್ ಇಬ್ಬರಿಗೂ ಅಸ್ತ್ರ, ಅದು ಹೊರಡುವ ಕೋನ ಮಾತ್ರ ಬೇರೆ. ಪ್ರಸನ್ನ-ಚಂದ್ರರ ತತ್ತ್ವವೇ ಇಲ್ಲಿ ವೇಗದ ವೇಷ ತೊಟ್ಟು ಬಂದಿತ್ತು ಎನ್ನಬಹುದು. 2019ರ ಫೈನಲ್‌ನಲ್ಲಿ ಮಾಲಿಂಗ ಮೊದಲ ಮೂರು ಓವರುಗಳಲ್ಲಿ 42 ರನ್ನು ತೆತ್ತಿದ್ದರು. ಬುಮ್ರಾ ನಾಲ್ಕು ಓವರುಗಳಲ್ಲಿ ಕೇವಲ 14 ಕೊಟ್ಟು ಗಂಟು ಬಿಗಿಯಾಗಿ ಇಟ್ಟಿದ್ದರಿಂದಲೇ ಕೊನೆಯ ಓವರಿಗೆ 9 ರನ್ನು ಉಳಿದಿತ್ತು. ಮಾಲಿಂಗ ಕೊನೆಯ ಚೆಂಡಿನಲ್ಲಿ ಶಾರ್ದೂಲ್ ಠಾಕೂರರನ್ನು ಎಲ್‌ಬಿ ಬಲೆಗೆ ಕೆಡವಿ ಒಂದು ರನ್ನಿನಿಂದ ಗೆಲ್ಲಿಸಿದರು. 2017ರ ಫೈನಲ್ ಗೆದ್ದದ್ದೂ ಒಂದೇ ರನ್ನಿನಿಂದ. 129 ರನ್ನಿನ ಅಲ್ಪ ಮೊತ್ತದಲ್ಲಿ 47 ಹೊಡೆದು ಪಂದ್ಯಪುರುಷನಾದಾತ ಬರೋಡದ ಕೃಣಾಲ್ ಪಾಂಡ್ಯ. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

2015ರ ಆ 215ರ ಜೊತೆಯಾಟದ ತರುವಾಯ ವಾಂಖೆಡೆಯಲ್ಲಿ ಮುಂಬಯಿಯನ್ನು ಸೋಲಿಸಲು ಬೆಂಗಳೂರಿಗೆ ಹತ್ತು ವರ್ಷ ಹಿಡಿಯಿತು. 2025ರ ಏಪ್ರಿಲ್ 7, ಸೋಮವಾರ ರಾತ್ರಿ. ಬೆನ್ನಿನ ಗಾಯದಿಂದ ಜನವರಿಯಿಂದ ಹೊರಗಿದ್ದ ಬುಮ್ರಾ ಅಂದೇ ಮರಳಿ ಬಂದಿದ್ದರು. ಬೆಂಗಳೂರಿನವರು 221 ಗಳಿಸಿದರು: ಕೊಹ್ಲಿ 67, ನಾಯಕ ರಜತ್ ಪಾಟೀದಾರ್ 64. ಉತ್ತರದಲ್ಲಿ ತಿಲಕ್ ವರ್ಮಾ ಮತ್ತು ಹಾರ್ದಿಕ್ ಪಾಂಡ್ಯ ಮೈದಾನವನ್ನೇ ಎತ್ತಿ ಹಿಡಿದರು. ಹಾರ್ದಿಕ್ 15 ಚೆಂಡುಗಳಲ್ಲಿ 42. ಕೊನೆಯ ಓವರಿನಲ್ಲಿ 19 ಬೇಕಾಗಿತ್ತು. ಚೆಂಡು ಹಿಡಿದು ಬಂದವನು ಮುಂಬಯಿ ನಾಯಕನ ಅಣ್ಣ ಕೃಣಾಲ್, ಈಗ ಕೆಂಪು ಅಂಗಿಯಲ್ಲಿ. ಆ ಓವರಿನಲ್ಲಿ ಮೂರು ವಿಕೆಟ್ ಉರುಳಿದವು. 12 ರನ್ನುಗಳ ಗೆಲುವು. ಮಧ್ಯರಾತ್ರಿಯ ಕಲ್ಯಾಣ ಲೋಕಲಿನಲ್ಲಿ ತಂದೆ ಮಾತಾಡುತ್ತ, ಮಗ ಕಿಟಕಿಯ ಹೊರಗೆ ನೋಡುತ್ತ ಬಂದ ಮನೆಗಳೆಷ್ಟೋ!

ಆ ವರ್ಷದ ಬೆಂಗಳೂರು ತಂಡದಲ್ಲಿ ಮಹಾತಾರೆ ಕೊಹ್ಲಿ ಒಬ್ಬರೇ. ಉಳಿದವರು ಹೊಣೆಗಳನ್ನು ಹಂಚಿಕೊಂಡವರು. ಹೇಝಲ್‌ವುಡ್ 22 ವಿಕೆಟ್, ಭುವನೇಶ್ವರ್ ಮತ್ತು ಕೃಣಾಲ್ ತಲಾ 17. ಗಾಯಗಳೂ ಕಡಮೆಯಿರಲಿಲ್ಲ. ಹೇಝಲ್‌ವುಡ್‌ಗೆ ಭುಜದ ನೋವು, ನಾಯಕನಿಗೆ ಬೆರಳಿನ ಪೆಟ್ಟು. ದೇವದತ್ತ ಪಡಿಕ್ಕಲ್ ಹೊರಬಿದ್ದಾಗ ಆ ಸ್ಥಾನಕ್ಕೆ ಬಂದವರು ಯಾರೂ ಕೊಳ್ಳದೆ ಬಿಟ್ಟಿದ್ದ ಇನ್ನೊಬ್ಬ ಕರ್ನಾಟಕದ ದಾಂಡಿಗ ಮಯಾಂಕ್ ಅಗರ್ವಾಲ್. ಲಖನೌದಲ್ಲಿ 228ರ ಗುರಿಯನ್ನು ಬೆನ್ನಟ್ಟಿದಾಗ ಹಂಗಾಮಿ ನಾಯಕ ಜಿತೇಶ್ ಶರ್ಮಾ 33 ಚೆಂಡುಗಳಲ್ಲಿ 85, ಬದಲಿಯಾಗಿ ಬಂದ ಮಯಾಂಕ್ 41, ಇಬ್ಬರೂ ಅಜೇಯರು. ಹಂಗಾಮಿಯೂ ಬದಲಿಯೂ ಕೂಡಿದ ಆ ಜೋಡಿಯನ್ನು ಯಾವ ಅಭಿಮಾನಿಯೂ ತ್ರಿಮೂರ್ತಿಗಳ ಪಕ್ಕದಲ್ಲಿಡಲಾರ. ಆದರೆ ಕೆಲಸ ನಡೆಯಿತು. ಜೂನ್ 3ರಂದು ಅಹಮದಾಬಾದಿನ ಫೈನಲ್‌ನಲ್ಲಿ 190 ರನ್ನು ಬಂದರೂ ಒಬ್ಬನೂ ಅರ್ಧಶತಕ ಗಳಿಸಲಿಲ್ಲ. ನಾಲ್ಕು ಓವರುಗಳಲ್ಲಿ 17 ರನ್ನು ಕೊಟ್ಟು ಎರಡು ವಿಕೆಟ್ ಪಡೆದ ಕೃಣಾಲ್ ಮತ್ತೆ ಪಂದ್ಯಪುರುಷ. ಮುಂಬಯಿಗೂ ಬೆಂಗಳೂರಿಗೂ ಒಂದೊಂದು ಫೈನಲ್ ಗೆಲ್ಲಿಸಿಕೊಟ್ಟ ಈತ ತಂದೆಯ ಪಟ್ಟಿಯಲ್ಲಿಯೂ ಇಲ್ಲ, ಮಗನ ಪಟ್ಟಿಯಲ್ಲಿಯೂ ಇಲ್ಲ. ಮರುದಿನ ಚಿನ್ನಸ್ವಾಮಿ ಮೈದಾನದ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಅಭಿಮಾನಿಗಳು ಪ್ರಾಣ ತೆತ್ತರು. ಹದಿನೆಂಟು ವರ್ಷ ಕಾದ ಸಂತೋಷ ಒಂದು ಹಗಲೂ ಪೂರ್ತಿ ಬಾಳಲಿಲ್ಲ.

ಈ ಪ್ರಯೋಗ ಇನ್ನಷ್ಟು ಬೇಗ, ಇನ್ನಷ್ಟು ಹತ್ತಿರದಲ್ಲಿ ನಡೆದುದನ್ನು ಹಲವರು ಗಮನಿಸಿಲ್ಲ. ಠಾಣೆಯಲ್ಲಿ ಗಾಡಿ ಬದಲಿಸಿ ನೇರೂಳಿಗೆ ಇಳಿದರೆ ಡಿ.ವೈ. ಪಾಟೀಲ್ ಕ್ರೀಡಾಂಗಣ. 2023ರಲ್ಲಿ ಮಹಿಳೆಯರ ಲೀಗಿನ ಮೊದಲ ವರ್ಷದ ಪಂದ್ಯಗಳು ಅಲ್ಲಿಯೂ ಬ್ರೇಬೋರ್ನಿನಲ್ಲಿಯೂ ನಡೆದವು. ಬೆಂಗಳೂರಿನವರು ಹರಾಜಿನ ಅತ್ಯಧಿಕ ಬೆಲೆಗೆ, 3.40 ಕೋಟಿ ರೂಪಾಯಿಗೆ, ಸ್ಮೃತಿ ಮಂಧಾನಾ ಅವರನ್ನು ಕೊಂಡು, ಎಲಿಸ್ ಪೆರ್ರಿ, ಸೋಫಿ ಡಿವೈನ್, ಹೆದರ್ ನೈಟ್ ಮುಂತಾದ ತಾರೆಗಳನ್ನೆಲ್ಲ ಗುಡ್ಡೆ ಹಾಕಿದರು. ಮೊದಲ ಐದು ಪಂದ್ಯಗಳಲ್ಲಿ ಐದೂ ಸೋಲು! ಮಾರ್ಚ್ 15ರಂದು ನೇರೂಳಿನಲ್ಲಿ ಮೊದಲ ಗೆಲುವು ತಂದುಕೊಟ್ಟದ್ದು ಈ ಯಾವ ತಾರೆಯೂ ಅಲ್ಲ, 46 ರನ್ನು ಹೊಡೆದ ಕನಿಕಾ ಅಹುಜಾ ಎಂಬ ಎಳೆಯ ಹುಡುಗಿ. ಮರುವರ್ಷ ಅದೇ ತಂಡ ಪ್ರಶಸ್ತಿ ಗೆದ್ದದ್ದು ಮೂರು ಬಗೆಯ ಸ್ಪಿನ್ನಿನಿಂದ. ದಿಲ್ಲಿಯ ಫೈನಲ್‌ನಲ್ಲಿ ಎದುರಾಳಿ ವಿಕೆಟ್ ನಷ್ಟವಿಲ್ಲದೆ 64 ಗಳಿಸಿದ್ದಾಗ ಎಡಗೈಯ ಸೋಫಿ ಮೊಲಿನ್ಯೂ ಒಂದೇ ಓವರಿನಲ್ಲಿ ಮೂವರನ್ನು ಕೆಡವಿದರು. ಲೆಗ್ ಸ್ಪಿನ್ನರ್ ಆಶಾ ಶೋಭನಾ ಇಬ್ಬರನ್ನು. ಆಫ್ ಸ್ಪಿನ್ನರ್, ಕರ್ನಾಟಕದ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ ನಾಲ್ವರನ್ನು. ಎದುರಾಳಿ 113ಕ್ಕೆ ಮುಗಿಯಿತು. ಆರಾಮಕುರ್ಚಿಯ ಅಜ್ಜ ಎದ್ದು ಕುಳಿತದ್ದು ಆಗ.

2025ರ ಅಕ್ಟೋಬರಿನ ವಿಶ್ವಕಪ್ ಪಂದ್ಯಗಳಲ್ಲಿ ಇದೇ ನೇರೂಳು ಇನ್ನೊಂದು ಜೋಡಿಯನ್ನು ಕಂಡಿತು. 23ರಂದು ನ್ಯೂಜಿಲೆಂಡ್ ವಿರುದ್ಧ ಸ್ಮೃತಿ ಮತ್ತು ಪ್ರತೀಕಾ ರಾವಲ್ ಮೊದಲ ವಿಕೆಟ್ಟಿಗೆ 212 ರನ್ನು ಕೂಡಿಸಿದರು, ಇಬ್ಬರಿಗೂ ಶತಕ. ಮೂರು ದಿನಗಳ ಬಳಿಕ ಅದೇ ಮೈದಾನದಲ್ಲಿ ಫೀಲ್ಡಿಂಗ್ ಮಾಡುವಾಗ ಪ್ರತೀಕಾರ ಕಾಲು ಉಳುಕಿ ಅವರ ವಿಶ್ವಕಪ್ ಮುಗಿಯಿತು. ಮೂಲ ತಂಡದಲ್ಲಿ ಸ್ಥಾನವೇ ಇಲ್ಲದಿದ್ದ ಶೆಫಾಲಿ ವರ್ಮಾ ಅವರಿಗೆ ಕರೆ ಹೋಯಿತು. ನವೆಂಬರ್ 2ರ ಫೈನಲ್‌ನಲ್ಲಿ ಶೆಫಾಲಿ 87 ರನ್ನು ಹೊಡೆದು, ಬೌಲಿಂಗಿನಲ್ಲಿಯೂ ಎರಡು ವಿಕೆಟ್ ಕಿತ್ತರು. ದೀಪ್ತಿ ಶರ್ಮಾ ಐದು ವಿಕೆಟ್ ಪಡೆದರು. ದಕ್ಷಿಣ ಆಫ್ರಿಕಾ 52 ರನ್ನುಗಳಿಂದ ಸೋತಿತು. ನಡುರಾತ್ರಿ ದಾಟಿದ ಮೇಲೆ ತಂಡವೆಲ್ಲ ಕುಣಿಯುತ್ತಿದ್ದ ಅಂಗಣಕ್ಕೆ ಪ್ರತೀಕಾ ಗಾಲಿಕುರ್ಚಿಯಲ್ಲಿ ಬಂದರು.